ಎಳೆಗೊಂದು ದಿಕ್ಕು, ಹಗ್ಗಕ್ಕೊಂದು ದಿಕ್ಕು

ಕೈಯಲ್ಲಿ ಹಗ್ಗ ಹೊಸೆಯೋದನ್ನು ಕಣ್ಣಾರೆ ನೋಡಿದವರು ಈಗ ಕಡಿಮೆ. ಮಂಡ್ಯ ತಾಲ್ಲೂಕಿನ ನಮ್ಮ ಕೆರಗೋಡು ಕಡೆಯೂ ದನ ಕಟ್ಟೋಕೆ ಅಂಗಡಿಯ ನೈಲಾನ್ ಹಗ್ಗವೇ ಬಂದಿದೆ. ಆದರೆ ಕತ್ತಾಳೆ ನಾರು, ಪುಂಡಿ ನಾರು ಬಡಿದು ಕಣ್ಣಿ ಹೊಸೆಯುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿದರೆ ಮೊದಲು ಬರೋ ಮಾತು ಹೆಚ್ಚುಕಮ್ಮಿ ಇದೇ: "ಎಳೆಗೊಂದು ದಿಕ್ಕು, ಹಗ್ಗಕ್ಕೊಂದು ದಿಕ್ಕು ಕಣಪ್ಪ. ಎಲ್ಡೂನೂ ಒಂದೇ ಕಡೀಕೆ ತಿರುಗ್ಸುದ್ರೆ ಬಿಚ್ಕೊಂಡ್ ಬುಡ್ತದೆ."

ಮಾತು ಸರಳ, ಒಳಗಿನ ಲೆಕ್ಕ ಗಟ್ಟಿ. ನಾರನ್ನು ಒಂದು ಕಡೆಗೆ ಹುರಿ ಮಾಡಿ ಎಳೆ ತೆಗೆದರೆ, ಆ ಎಳೆ ಸದಾ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ. ಅಂಥ ಮೂರು ಎಳೆ ಸೇರಿಸಿ ಎದುರು ದಿಕ್ಕಿಗೆ ಹೊಸೆದರೆ, ಎಳೆ ಬಿಚ್ಚಿಕೊಳ್ಳಲು ಹೋದಷ್ಟೂ ಹಗ್ಗ ಬಿಗಿಯಾಗುತ್ತದೆ. ಹಗ್ಗ ಬಿಚ್ಚಿಕೊಳ್ಳಲು ಹೋದರೆ ಎಳೆ ಬಿಗಿಯಾಗುತ್ತದೆ. ಇಬ್ಬರ ಎಳೆದಾಟದಲ್ಲಿ ಹಗ್ಗ ನಿಲ್ಲುತ್ತದೆ.

ಇನ್ನು ಅದೇ ಕೊಟ್ಟಿಗೆ ಗೋಡೆಗೆ ನೇತುಹಾಕಿರುತ್ತಿದ್ದ ಚರ್ಮದ ಮಿಣಿಯನ್ನು ನೆನಪು ಮಾಡಿಕೊಳ್ಳಿ. ಅದರ ಗಟ್ಟಿತನವೂ ಮೂರೆಳೆ ಹಗ್ಗದ್ದೇ, ಆದರೆ ಈ ಹಗ್ಗವನ್ನು ಯಾರೂ ಕೈಯಲ್ಲಿ ಹೊಸೆದಿಲ್ಲ. ಚರ್ಮ, ಮೂಳೆ, ಕೀಲು, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು, ಇವೆಲ್ಲದರಲ್ಲೂ ಹೊರೆ ಹೊರೋದು ಕೊಲಾಜನ್ ಎಂಬ ಪ್ರೋಟೀನ್. ಅದರ ಒಂದು ಅಣು ಅಂದರೆ ಮೂರು ಎಳೆಗಳ ಒಂದು ಹುರಿ. ದಪ್ಪ ಸುಮಾರು 1.5 ನ್ಯಾನೋಮೀಟರ್, ಉದ್ದ ಸುಮಾರು 300 ನ್ಯಾನೋಮೀಟರ್. ಇಷ್ಟು ಚಿಕ್ಕದು ಅಂದರೆ ಮನಸ್ಸಿಗೆ ಹತ್ತೋದಿಲ್ಲ, ಆದ್ದರಿಂದ ಹಿಗ್ಗಿಸಿ ನೋಡೋಣ: ಬೆರಳು ದಪ್ಪದ, ಅಂದರೆ ಒಂದೂವರೆ ಸೆಂಟಿಮೀಟರಿನ ಹಗ್ಗ ಮಾಡಿದರೆ ಉದ್ದ 3 ಮೀಟರ್ ಬರುತ್ತದೆ. ಹತ್ತು ಅಡಿ. ಸರಿಯಾಗಿ ಒಂದು ಎತ್ತಿನ ಕಣ್ಣಿಯಷ್ಟು.

ಹಿರಿಯರ ಆ ನಿಯಮ ಇಲ್ಲೂ ನಡೆಯುತ್ತದೆ. ಕೊಲಾಜನ್‌ನ ಒಂದೊಂದು ಎಳೆಯೂ ಎಡಕ್ಕೆ ಸುತ್ತಿರುತ್ತದೆ, ಮೂರೂ ಸೇರಿ ಹೊಸೆದುಕೊಳ್ಳೋದು ಬಲಕ್ಕೆ. ಯಾವುದು ಎಡ, ಯಾವುದು ಬಲ ಅಂತ ಗೊಂದಲ ಬೇಡ. ಮನೆಯಲ್ಲಿರುವ ಯಾವುದಾದರೂ ಮೂರೆಳೆ ಹಗ್ಗವನ್ನು ನೆಟ್ಟಗೆ ಹಿಡಿಯಿರಿ. ನಿಮ್ಮ ಕಡೆಗಿರುವ ಎಳೆಗಳು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರುತ್ತಿದ್ದರೆ ಅದು ಬಲಸುರುಳಿ. ಹಗ್ಗವನ್ನು ತಲೆಕೆಳಗು ಮಾಡಿ, ಆಗಲೂ ಬಲಸುರುಳಿಯೇ. ಅಂಗಡಿಯಲ್ಲಿ ಸಿಗುವ ಮೂರೆಳೆ ಹಗ್ಗ ಬಹುಮಟ್ಟಿಗೆ ಬಲಸುರುಳಿಯೇ ಆಗಿರುತ್ತದೆ, ಅದರ ಎಳೆಗಳು ಎಡಸುರುಳಿ. ಅಂದರೆ ಕೊಲಾಜನ್ ಮತ್ತು ನಿಮ್ಮ ಮನೆಯ ಹಗ್ಗ ಒಂದೇ ಜಾತಿ.

ಹೋಲಿಕೆ ಎಷ್ಟು ದೂರ ಹೋಗುತ್ತದೆ ಅನ್ನೋದನ್ನೂ ಹೇಳಿಬಿಡಬೇಕು. ಹಗ್ಗದಲ್ಲಿ ಎದುರು ದಿಕ್ಕು ಬರೋದು ನಾರಿನ ಎಳೆತದಿಂದ. ಪ್ರೋಟೀನಿನಲ್ಲಿ ಬರೋದು ಬೇರೆ ಕಾರಣಕ್ಕೆ: ಒಂದು ಸಣ್ಣ ಕೋನದ ಬಾಕಿಯಿಂದ. ಆ ಬಾಕಿಯ ಲೆಕ್ಕವೇ ಈ ಲೇಖನದ ತಿರುಳು.

ಒಂದೇ ಹೆಜ್ಜೆ, ಮತ್ತೆ ಮತ್ತೆ

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಸರ ಅಂದಾಗ ಮಣಿಸರದಂತೆ ಹೇಗೆ ಬೇಕಾದರೂ ಜೋತಾಡುತ್ತದೆ ಅಂದುಕೊಳ್ಳಬೇಡಿ. ಇಸ್ಪೀಟ್ ಎಲೆಗಳನ್ನು ಮೂಲೆಗೆ ಮೂಲೆ ದಾರದಲ್ಲಿ ಕಟ್ಟಿದಂತೆ ಅಂದುಕೊಳ್ಳಿ. ಎಲೆ ಮಡಚೋದಿಲ್ಲ, ಚಪ್ಪಟೆಯಾಗಿಯೇ ಇರುತ್ತದೆ. ತಿರುಗೋದು ಗಂಟಿನ ಹತ್ತಿರ ಮಾತ್ರ. ಆ ಗಂಟಿನ ಜಾಗದಲ್ಲಿ ಕೂತಿರುವ ಇಂಗಾಲದ ಪರಮಾಣುವಿಗೆ ಆಲ್ಫಾ ಕಾರ್ಬನ್ ಅಂತ ಹೆಸರು. ಒಂದೊಂದು ಗಂಟಿನಲ್ಲೂ ಎರಡೇ ತಿರುವು: ಹಿಂದಿನ ಎಲೆಯ ಕಡೆಗೊಂದು, ಮುಂದಿನ ಎಲೆಯ ಕಡೆಗೊಂದು. ಅವುಗಳ ಹೆಸರು ಫೈ ಮತ್ತು ಸೈ.

ಈಗ ಪ್ರತಿ ಗಂಟಿನಲ್ಲೂ ಅದೇ ಫೈ, ಅದೇ ಸೈ ಇಟ್ಟರೆ ಏನಾಗುತ್ತದೆ? ಸುರುಳಿಯಾಗುತ್ತದೆ. ಸೊಳ್ಳೆಬತ್ತಿಯಂಥ ಚಪ್ಪಟೆ ಸುರುಳಿ ಅಲ್ಲ, ಸ್ಪ್ರಿಂಗಿನಂಥದ್ದು. ಇದು ಪ್ರೋಟೀನಿನ ಗುಣವೇನಲ್ಲ, ಶುದ್ಧ ರೇಖಾಗಣಿತ. ಇಷ್ಟು ತಿರುಗು, ಇಷ್ಟು ಮೇಲೇರು ಅನ್ನೋ ಒಂದೇ ಹೆಜ್ಜೆಯನ್ನು ಲೂಪ್ ಹಾಕಿ ಓಡಿಸಿದರೆ ಸುರುಳಿಯಾಕಾರದ ಮೆಟ್ಟಿಲು ಬಂದೇ ಬರುತ್ತದೆ. ಏರಿಕೆ ಸೊನ್ನೆಯಾದರೆ ವೃತ್ತ, ತಿರುವು ಸೊನ್ನೆಯಾದರೆ ನೇರ ಗೆರೆ. ಅವೆರಡೂ ಸುರುಳಿಯ ಬಡ ನೆಂಟರು. ಹಾಗಾಗಿ ಪ್ರಕೃತಿ ಯಾಕೆ ಇಷ್ಟೊಂದು ಸುರುಳಿ ಮಾಡುತ್ತದೆ ಅಂತ ಬೆರಗಾಗೋದಕ್ಕಿಂತ, ಎಷ್ಟು ತಿರುಗಿ ಎಷ್ಟು ಏರುತ್ತದೆ ಅಂತ ಕೇಳೋದು ಉಪಯೋಗದ ಪ್ರಶ್ನೆ.

ಅದಕ್ಕೆ ಮೊದಲು ಸರಿಯಾದ ಉತ್ತರ ಕೊಟ್ಟವರು ಅಮೆರಿಕದ ಲೈನಸ್ ಪಾಲಿಂಗ್. 1948ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಗಡಿಯಾಗಿ ಮಲಗಿದ್ದಾಗ ಕಾಗದದ ಮೇಲೆ ಪ್ರೋಟೀನಿನ ಸರ ಬರೆದು, ಕಾಗದವನ್ನು ಮಡಚಿ ಮಡಚಿ ನೋಡಿದರಂತೆ. ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ ಜೊತೆ ಅದು ಪ್ರಬಂಧವಾಗಿ ಬಂದದ್ದು 1951ರಲ್ಲಿ. ಅದೇ ಆಲ್ಫಾ ಸುರುಳಿ. ಒಂದೊಂದು ಅಮೈನೋ ಆಮ್ಲಕ್ಕೂ 100 ಡಿಗ್ರಿ ತಿರುವು, 1.5 ಆಂಗ್‌ಸ್ಟ್ರಾಮ್ ಏರಿಕೆ. (ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.) ಒಂದು ಸುತ್ತಿಗೆ 3.6 ಅಮೈನೋ ಆಮ್ಲ, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಮ್.

ಈ 3.6 ನೋಡಿ, ಪೂರ್ಣಾಂಕ ಅಲ್ಲ. ಕೇಂಬ್ರಿಜ್‌ನ ಬ್ರ್ಯಾಗ್, ಕೆಂಡ್ರೂ, ಪೆರುಟ್ಜ್ ಮೂವರೂ ಘಟಾನುಘಟಿಗಳು. ಹಿಂದಿನ ವರ್ಷವಷ್ಟೇ ಅವರು ಸಾಧ್ಯವಿರುವ ಸುರುಳಿಗಳ ಪಟ್ಟಿ ಮಾಡಿದ್ದರು. ಹರಳುಗಳ ಲೋಕದಲ್ಲಿ ಬೆಳೆದವರಾದ್ದರಿಂದ ಒಂದು ಸುತ್ತಿಗೆ 3, 4 ಹೀಗೆ ಇಡೀ ಸಂಖ್ಯೆಯೇ ಇರಬೇಕು ಅಂತ ಲೆಕ್ಕ ಹಾಕಿದ್ದರು. ಇಸ್ಪೀಟ್ ಎಲೆ ಚಪ್ಪಟೆ ಅನ್ನೋದನ್ನೂ ಬಿಟ್ಟಿದ್ದರು. ಉತ್ತರ ಅವರ ಪಟ್ಟಿಯ ಸಂದಿಯಲ್ಲಿ ಜಾರಿಹೋಗಿತ್ತು. ಪಾಲಿಂಗ್ ಪ್ರಬಂಧವನ್ನು ಒಂದು ಶನಿವಾರ ಬೆಳಿಗ್ಗೆ ಓದಿದ ಮ್ಯಾಕ್ಸ್ ಪೆರುಟ್ಜ್ ನೇರ ಪ್ರಯೋಗಾಲಯಕ್ಕೆ ಹೋಗಿ, ಕುದುರೆಯ ಕೂದಲೊಂದನ್ನು ಎಕ್ಸ್-ರೇ ಕಿರಣಕ್ಕೆ ಓರೆಯಾಗಿ ಹಿಡಿದರು. ಸುರುಳಿ ನಿಜವಾದರೆ 1.5 ಆಂಗ್‌ಸ್ಟ್ರಾಮಿನ ಗುರುತು ಬೀಳಬೇಕು. ಬಿತ್ತು. ಈ ಪ್ರಯೋಗ ಹೇಗೆ ಹೊಳೆಯಿತು ಅಂತ ಬ್ರ್ಯಾಗ್ ಕೇಳಿದ್ದಕ್ಕೆ, ಇದು ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಅನ್ನೋ ಸಿಟ್ಟಿನಿಂದ ಅಂದರಂತೆ ಪೆರುಟ್ಜ್.

ಕೂದಲಿನೊಳಗಿನ ಇಪ್ಪತ್ತು ಡಿಗ್ರಿ

ಆದರೂ ಒಂದು ತಕರಾರು ಉಳಿದಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲೇ ಉಣ್ಣೆ, ಕೂದಲಿಗೆ ಎಕ್ಸ್-ರೇ ಹಾಯಿಸಿ ಅಳತೆ ತೆಗೆದಿದ್ದರು. ಅವರಿಗೆ ಸಿಕ್ಕಿದ್ದು 5.1 ಆಂಗ್‌ಸ್ಟ್ರಾಮ್. ಪಾಲಿಂಗ್ ಸುರುಳಿಯದು 5.4. ಈ ಮೂರು ದಶಾಂಶ ಎಲ್ಲಿ ಹೋಯಿತು?

ಹಗ್ಗ ಹೊಸೆದವರಿಗೆ ಇದರ ಉತ್ತರ ಗೊತ್ತು. ಹತ್ತಡಿ ಹಗ್ಗಕ್ಕೆ ಹತ್ತಡಿ ಎಳೆ ಸಾಲದು, ಹೆಚ್ಚು ಬೇಕು. ಎಳೆ ಹಗ್ಗದೊಳಗೆ ನೇರ ಹೋಗೋದಿಲ್ಲ, ಓರೆಯಾಗಿ ಸುತ್ತುತ್ತಾ ಹೋಗುತ್ತದೆ. ಕೂದಲಿನ ಕೆರಾಟಿನ್ ಪ್ರೋಟೀನಿನಲ್ಲೂ ಆಲ್ಫಾ ಸುರುಳಿಗಳು ಒಂಟಿಯಾಗಿಲ್ಲ, ಒಂದರ ಸುತ್ತ ಒಂದು ಹೊಸೆದುಕೊಂಡಿವೆ. ಸುಮಾರು 18 ಡಿಗ್ರಿ ಓರೆ ಅಂತ ಇಟ್ಟುಕೊಂಡರೆ 5.4ನ್ನು 18 ಡಿಗ್ರಿಯ ಕೊಸೈನಿನಿಂದ ಗುಣಿಸಿ: 5.1. ಪಿಯುಸಿ ಗಣಿತ ಸಾಕು. ಇದನ್ನು ಫ್ರಾನ್ಸಿಸ್ ಕ್ರಿಕ್ ಮತ್ತು ಪಾಲಿಂಗ್ ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ, 1952ರ ಸುಮಾರಿಗೆ, ಕಂಡುಕೊಂಡರು.

ಹೊಸೆದುಕೊಳ್ಳೋದು ಯಾಕೆ ಅನ್ನೋದು ಇನ್ನೂ ಚೆನ್ನಾಗಿದೆ. ಕೆರಾಟಿನ್‌ನಲ್ಲಿ ಏಳೇಳು ಅಮೈನೋ ಆಮ್ಲಗಳಿಗೊಮ್ಮೆ ಒಂದು ಮಾದರಿ ಮರುಕಳಿಸುತ್ತದೆ. ನೀರನ್ನು ಕಂಡರಾಗದ, ಎಣ್ಣೆಯಂಥ ಗುಣದ ಅಮೈನೋ ಆಮ್ಲಗಳು ಆ ಏಳರಲ್ಲಿ ಗೊತ್ತಾದ ಜಾಗದಲ್ಲೇ ಬರುತ್ತವೆ. ಒಂದಕ್ಕೆ 100 ಡಿಗ್ರಿಯಂತೆ ಏಳಕ್ಕೆ 700 ಡಿಗ್ರಿ. ಸರಿಯಾಗಿ ಎರಡು ಸುತ್ತಾಗಲು ಬೇಕಾದದ್ದು 720. ಇಪ್ಪತ್ತು ಡಿಗ್ರಿ ಬಾಕಿ. ಹಾಗಾಗಿ ಎಣ್ಣೆಗುಣದ ಪಟ್ಟೆ ಸುರುಳಿಯ ಮೈಮೇಲೆ ನೆಟ್ಟಗೆ ಏರದೆ, ಪ್ರತಿ ಏಳು ಹೆಜ್ಜೆಗೂ ಇಪ್ಪತ್ತು ಡಿಗ್ರಿ ಹಿಂದೆ ಸರಿಯುತ್ತಾ, ಎಡಕ್ಕೆ ನಿಧಾನ ಸುತ್ತಿಕೊಂಡು ಹೋಗುತ್ತದೆ. ಎರಡು ಸುರುಳಿಗಳ ಎಣ್ಣೆಪಟ್ಟೆಗಳು ನೀರಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಅಂಟಿಕೊಳ್ಳಬೇಕಾದರೆ ಸುರುಳಿಗಳೂ ಆ ಪಟ್ಟೆಯ ಜಾಡಿನಲ್ಲೇ ಬಾಗಬೇಕು. ಎಳೆ ಬಲಸುರುಳಿ, ಹುರಿ ಎಡಸುರುಳಿ. ಎದುರು ದಿಕ್ಕು ಬಂದದ್ದು ಆ ಇಪ್ಪತ್ತು ಡಿಗ್ರಿ ಬಾಕಿಯಿಂದ.

ಒಂದು ಸುರುಳಿಯನ್ನು ಒಳಗಿನಿಂದ ಹಿಡಿದಿಡೋದು ಹೈಡ್ರೋಜನ್ ಬಂಧಗಳು, ಅವು ನೀರಿಗೆ ಸಡಿಲ. ಒದ್ದೆ ಕೂದಲಿಗೆ ಬಿಗಿಯಾಗಿ ಜಡೆ ಹಾಕಿ ಒಣಗಿಸಿದರೆ ಬಿಚ್ಚಿದ ಮೇಲೂ ಅಲೆ ಉಳಿಯುತ್ತದೆ, ಮತ್ತೆ ತಲೆಗೆ ನೀರು ಹಾಕಿದರೆ ಹೋಗುತ್ತದೆ. ಬಂಧಗಳು ಬಿಟ್ಟು, ಹೊಸ ಜಾಗದಲ್ಲಿ ಕೂತು, ಮತ್ತೆ ಬಿಡುವ ಆಟ ಅದು. ರೇಷ್ಮೆ ಮಾತ್ರ ಈ ಗುಂಪಿಗೆ ಸೇರೋದಿಲ್ಲ. ಮದ್ದೂರು, ಮಳವಳ್ಳಿ ಕಡೆ ಹುಳು ಮೇಯಿಸೋ ಮನೆಗಳವರಿಗೆ ಗೊತ್ತಿರುವಂತೆ ರೇಷ್ಮೆ ಎಳೆ ಉಣ್ಣೆಯಷ್ಟು ಹಿಗ್ಗೋದಿಲ್ಲ. ಅದರ ಪ್ರೋಟೀನ್ ಸುರುಳಿ ಸುತ್ತದೆ ಮೊದಲೇ ಚಾಚಿಕೊಂಡು ಪದರ ಪದರವಾಗಿ ಮಲಗಿರುತ್ತದೆ. ಬಿಚ್ಚಲು ಸುರುಳಿಯೇ ಇಲ್ಲ, ಹಿಗ್ಗೋದೆಲ್ಲಿ?

ಮದರಾಸಿನ ಮೂರೆಳೆ

ಕೂದಲಿನ ಲೆಕ್ಕ ಪಶ್ಚಿಮದಲ್ಲಿ ಬಗೆಹರಿಯಿತು. ಮೂರೆಳೆಯ ಲೆಕ್ಕಕ್ಕೆ ದಾರಿ ಸಿಕ್ಕಿದ್ದು ನಮ್ಮ ಕಡೆ. ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿಂದ ಅವರನ್ನು ಭೌತವಿಜ್ಞಾನಕ್ಕೆ ಎಳೆದುಕೊಂಡವರು ಸಿ.ವಿ. ರಾಮನ್. (ಬ್ರಾಂಚ್ ಚೇಂಜ್ ಅಂದರೆ ಇದು!) ಆಮೇಲೆ ಕೇಂಬ್ರಿಜ್, ಮತ್ತೆ ಬೆಂಗಳೂರು, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರ ಕುರ್ಚಿ.

ಅಲ್ಲಿಗೆ ಭೇಟಿ ಕೊಟ್ಟ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಕೊಲಾಜನ್ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಅಂದರು. ಮದರಾಸಿನಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮದ ಸಂಸ್ಥೆ ಅಂದರೆ ಕೊಲಾಜನ್ ಸಂಸ್ಥೆ ಅಂತಲೇ ಅರ್ಥ. ಕಾಂಗರೂ ಬಾಲದ ಸ್ನಾಯುರಜ್ಜಿನ ಮಾದರಿ ಸಿಕ್ಕಿತು, ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಎಕ್ಸ್-ರೇ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತರು.

ಅವರ ಕೈಯಲ್ಲಿದ್ದ ದೊಡ್ಡ ಸುಳಿವು ಎಕ್ಸ್-ರೇಯದಲ್ಲ, ರಸಾಯನಶಾಸ್ತ್ರದ್ದು. ಕೊಲಾಜನ್‌ನಲ್ಲಿರುವ ಅಮೈನೋ ಆಮ್ಲಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗ್ಲೈಸಿನ್. ಗ್ಲೈಸಿನ್ ಅಂದರೆ ಎಲ್ಲಕ್ಕಿಂತ ಚಿಕ್ಕದು. ಬೇರೆಯವಕ್ಕೆ ಪಕ್ಕದಲ್ಲಿ ಒಂದು ಕೊಂಬೆ ಇದ್ದರೆ ಇದಕ್ಕೆ ಬರೀ ಒಂದು ಹೈಡ್ರೋಜನ್ ಪರಮಾಣು. ಮೂರರಲ್ಲೊಂದು ಇದೇ ಆಗಿದ್ದರೆ ಅದಕ್ಕೆ ಕಾರಣ ಇರಲೇಬೇಕಲ್ಲ? ಮೂರು ಎಳೆ ಒಟ್ಟಿಗೆ ಬಂದಾಗ ನಡುವೆ ಉಳಿಯುವ ಜಾಗ ಅಷ್ಟು ಇಕ್ಕಟ್ಟು. ಅಲ್ಲಿ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸೋದಿಲ್ಲ. ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಜಾಗ ಆ ನಡುವಿಗೆ ಮುಖ ಮಾಡಬೇಕು, ಆದ್ದರಿಂದ ಪ್ರತಿ ಮೂರನೆಯದೂ ಗ್ಲೈಸಿನ್. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಮಾದರಿಯಲ್ಲಿ ಮೂರೂ ಸುರುಳಿಗಳು ಪಕ್ಕಪಕ್ಕ ನೆಟ್ಟಗೆ ನಿಂತಿದ್ದವು. 1955ರಲ್ಲಿ ಅವಕ್ಕೆ ಹುರಿಯನ್ನೂ ಕೊಟ್ಟರು.

ಹುರಿಯ ಲೆಕ್ಕ ಕೂದಲಿನದ್ದೇ, ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವು. ಇಲ್ಲಿ ಎಳೆ ಎಡಸುರುಳಿ, ಒಂದು ಸುತ್ತಿಗೆ ಮೂರೂ ಮೂರನೇ ಒಂದು ಅಮೈನೋ ಆಮ್ಲ, ಅಂದರೆ ಒಂದಕ್ಕೆ 108 ಡಿಗ್ರಿ. ಮೂರು ಹೆಜ್ಜೆಗೆ 324. ಇಡೀ ಸುತ್ತಿಗೆ 36 ಡಿಗ್ರಿ ಬಾಕಿ. ಎಡಕ್ಕೆ ಸುತ್ತುವಾಗ ಬಾಕಿ ಬಿದ್ದರೆ ಗ್ಲೈಸಿನ್ನಿನ ಸಾಲು ಬಲಕ್ಕೆ ಸರಿಯುತ್ತದೆ. ಮೂರೂ ಎಳೆಯ ಗ್ಲೈಸಿನ್ ಸಾಲುಗಳು ಉದ್ದಕ್ಕೂ ನಡುವೆಯೇ ಇರಬೇಕಾದರೆ ಎಳೆಗಳು ಬಲಕ್ಕೆ ಹೊಸೆದುಕೊಳ್ಳಲೇಬೇಕು.

ಇದಕ್ಕೆ ವಿರೋಧ ಬಂದದ್ದೂ ಅಷ್ಟೇ ಬೇಗ. ಅದೇ 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಕ್ರಿಕ್, ಮೂರೆಳೆ ಸರಿ, ಆದರೆ ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಅಂದರು. ಮೂರು ಅಮೈನೋ ಆಮ್ಲಕ್ಕೆ ಎರಡು ಹೈಡ್ರೋಜನ್ ಬಂಧ ಅಂತ ರಾಮಚಂದ್ರನ್ ಹೇಳಿದ್ದರೆ, ಇವರು ಒಂದೇ ಸಾಧ್ಯ ಅಂದರು. ಈ ವಿವರದಲ್ಲಿ ಮುಂದೆ ನಿಂತದ್ದು ಅವರ ಮಾತೇ. ಆದರೆ ರಾಮಚಂದ್ರನ್ ಆ ಟೀಕೆಯನ್ನು ಹಿಡಿದು ಎಲ್ಲಿಗೆ ಹೋದರು ನೋಡಿ. 'ಇರಬಾರದಷ್ಟು ಹತ್ತಿರ' ಅಂದರೆ ಎಷ್ಟು? ಯಾರಾದರೂ ಅಳೆದಿದ್ದಾರಾ? ಆವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ತೆಗೆದು, ಬಂಧವಿಲ್ಲದ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರುತ್ತವೆ ಅಂತ ಪಟ್ಟಿ ಮಾಡಿದರು. ಆಮೇಲೆ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಸೇರಿ, ಫೈ ಮತ್ತು ಸೈನ ಒಂದೊಂದು ಜೋಡಿಗೂ ಪರಮಾಣುಗಳು ಡಿಕ್ಕಿ ಹೊಡೆಯುತ್ತವೋ ಇಲ್ಲವೋ ಅಂತ ಮೇಜಿನ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿದರು. ಈಗಿನವರು ಎರಡು ಲೂಪ್ ಬರೆದು ಟೀ ಕುಡಿದು ಬರುವಷ್ಟರಲ್ಲಿ ಮುಗಿಯೋ ಕೆಲಸ, ಅವರಿಗೆ ಬೆವರಿನದು. 1963ರಲ್ಲಿ ಬಂದ ಆ ನಕ್ಷೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ನಿಷಿದ್ಧ. ಉಳಿದ ಚಿಕ್ಕ ದ್ವೀಪಗಳಲ್ಲಿ ಒಂದರಲ್ಲಿ ಆಲ್ಫಾ ಸುರುಳಿ ಕೂತಿದೆ, ಇನ್ನೊಂದರಲ್ಲಿ ಕೊಲಾಜನ್ ಎಳೆಯೂ ರೇಷ್ಮೆಯ ಪದರವೂ ನೆರೆಹೊರೆಯಾಗಿವೆ.

ಇವತ್ತಿಗೂ ಯಾರೇ ಪ್ರೋಟೀನಿನ ರಚನೆ ಕಂಡುಹಿಡಿದರೂ, ಆಲ್ಫಾಫೋಲ್ಡ್‌ನಂಥ ಕೃತಕ ಬುದ್ಧಿಮತ್ತೆ ಊಹಿಸಿದರೂ, ಅದನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ನಿಷಿದ್ಧ ಜಾಗದಲ್ಲಿ ಚುಕ್ಕೆ ಬಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ. ನೊಬೆಲ್ ಅವರಿಗೆ ಬರಲಿಲ್ಲ. ಬರಬೇಕಿತ್ತು ಅನ್ನೋರಲ್ಲಿ ನಾನೂ ಒಬ್ಬ.

ಡೊಂಕು ಅಳೆಯುವ ಪ್ರೋಗ್ರಾಂ

1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಅಲ್ಲಿ ಅವರ ಬಳಿ ಕೊಲಾಜನ್ ಮೇಲೆಯೇ ಪಿಎಚ್.ಡಿ. ಮಾಡಿದವರು ಮಂಜು ಬನ್ಸಲ್. ಮುಂದೆ ಅಲ್ಲೇ ಪ್ರಾಧ್ಯಾಪಕರಾದರು. ಪಾಲಿಂಗ್ ಹೇಳಿದ್ದು ಆದರ್ಶ ಸುರುಳಿ, ಗೆರೆ ಎಳೆದಂತೆ ನೆಟ್ಟಗಿರೋದು. ನಿಜವಾದ ಪ್ರೋಟೀನುಗಳಲ್ಲಿ ಸುರುಳಿ ಅಷ್ಟು ನೆಟ್ಟಗಿರುತ್ತದಾ? ಈ ಪ್ರಶ್ನೆ ಹಿಡಿದು ಬನ್ಸಲ್ ಮತ್ತು ಸಂದೀಪ್ ಕುಮಾರ್ 1996ರಲ್ಲಿ ಒಂದು ವಿಧಾನ ಪ್ರಕಟಿಸಿದರು. 2000ದಲ್ಲಿ ಅದು 'ಹೆಲನಾಲ್' ಎಂಬ ಪ್ರೋಗ್ರಾಂ ಆಗಿ ಬಂತು.

ಅದರೊಳಗಿನ ಉಪಾಯ ನನಗೆ ಬಹಳ ಹಿಡಿಸಿತು. ಸುರುಳಿಯ ಮೇಲೆ ಒಂದರ ಹಿಂದೊಂದು ನಾಲ್ಕು ಆಲ್ಫಾ ಕಾರ್ಬನ್ ಗುರುತಿಸಿ. ನಾಲ್ಕು ಬಿಂದು, ನಡುವೆ ಮೂರು ಬಾಣ. ಮೊದಲ ಬಾಣದಿಂದ ಎರಡನೆಯದನ್ನು ಕಳೆದರೆ ಸಿಗುವ ಬಾಣ ಸುರುಳಿಯ ನಡುಗಂಬದಿಂದ ನೇರ ಹೊರಕ್ಕೆ ಮುಖ ಮಾಡಿರುತ್ತದೆ, ಗಾಡಿ ಚಕ್ರದ ಅರೆಕಾಲಿನಂತೆ. ಎರಡನೆಯದರಿಂದ ಮೂರನೆಯದನ್ನು ಕಳೆದರೆ ಇನ್ನೊಂದು ಅರೆಕಾಲು. ಎರಡು ಅರೆಕಾಲಿಗೂ ಲಂಬವಾಗಿರೋದು ಯಾವುದು? ಅಚ್ಚು. ಅದೇ ಸುರುಳಿಯ ಅಕ್ಷ. ಎರಡು ಅರೆಕಾಲುಗಳ ನಡುವಿನ ಕೋನವೇ ತಿರುವು, ಆಲ್ಫಾ ಸುರುಳಿಯಾದರೆ 100 ಡಿಗ್ರಿಯ ಆಸುಪಾಸು. ಆಮೇಲೆ ಒಂದು ಹೆಜ್ಜೆ ಮುಂದೆ ಸರಿದು ಮತ್ತೆ ನಾಲ್ಕು. ಹೀಗೆ ಉದ್ದಕ್ಕೂ ಸರಿದರೆ ಸಣ್ಣ ಸಣ್ಣ ಅಕ್ಷಗಳ ಸಾಲು ಸಿಗುತ್ತದೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ ನೇರ ಸುರುಳಿ. ನಿಧಾನಕ್ಕೆ ಒಂದೇ ಕಡೆ ವಾಲುತ್ತಾ ಹೋದರೆ ಬಾಗಿದ ಸುರುಳಿ. ಒಂದೇ ಜಾಗದಲ್ಲಿ ಫಕ್ಕನೆ ತಿರುಗಿದರೆ ಮುರಿದ ಡೊಂಕು.

25 ಅಥವಾ ಅದಕ್ಕಿಂತ ಹೆಚ್ಚು ಅಮೈನೋ ಆಮ್ಲಗಳ ಉದ್ದನೆ ಸುರುಳಿಗಳನ್ನು ಹೀಗೆ ಅಳೆದಾಗ ಹೆಚ್ಚಿನವು ನೇರವಾಗಿರಲಿಲ್ಲ, ಬಾಗಿದ್ದವು. ಫಕ್ಕನೆ ತಿರುಗುವ ಕಡೆ ಪ್ರೋಲಿನ್ ಎಂಬ ಅಮೈನೋ ಆಮ್ಲದ ಕೈವಾಡ ಸಾಮಾನ್ಯ. ಪ್ರೋಲಿನ್ನಿನ ಕೊಂಬೆ ತನ್ನ ಬೆನ್ನಿಗೇ ಉಂಗುರವಾಗಿ ಅಂಟಿಕೊಂಡಿರೋದರಿಂದ ಸುರುಳಿ ಅಲ್ಲಿ ಸುಮಾರು 26 ಡಿಗ್ರಿ ಬಾಗುತ್ತದೆ. ಈಗ ಪೈಥಾನ್ ಬಲ್ಲವರು ಎಂಡಿಅನಾಲಿಸಿಸ್ ಎಂಬ ಉಚಿತ ಲೈಬ್ರರಿಯಲ್ಲಿ ಹೆಲನಾಲನ್ನು ಅದೇ ಹೆಸರಿನಲ್ಲಿ ಓಡಿಸಬಹುದು. ಬೆಂಗಳೂರಿನ ಹೆಸರು ಸ್ಟಾರ್ಟಪ್ಪುಗಳಿಂದಷ್ಟೇ ಕೋಡಿಗೆ ಸೇರಿದ್ದಲ್ಲ.

ಆಲ್ಫಾ ಸುರುಳಿಯ ಡೊಂಕು ದೋಷವೇನಲ್ಲ, ಎಷ್ಟೋ ಸಲ ಅದೇ ಕೆಲಸಕ್ಕೆ ಬರುತ್ತದೆ. ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ಔಷಧಿ ಹೋಗಿ ಕೂರೋದು ಏಳು ಆಲ್ಫಾ ಸುರುಳಿಗಳ ಒಂದು ಕಟ್ಟಿನೊಳಗೆ. ಔಷಧಿ ಕೂತಾಗ ಆರನೆಯ ಸುರುಳಿಯ ಕೆಳತುದಿ ಹೊರಕ್ಕೆ ಸರಿದು ಜೀವಕೋಶಕ್ಕೆ ಸಂದೇಶ ಮುಟ್ಟುತ್ತದೆ. ಆ ಸುರುಳಿಯಲ್ಲೂ ಒಂದು ಪ್ರೋಲಿನ್ ಡೊಂಕಿದೆ. ಆದರೆ ಕೊಲಾಜನ್‌ನ ಮೂರೆಳೆಗೆ ಈ ಸಲಿಗೆ ಇಲ್ಲ.

ನಡುವೆ ಜಾಗವಿಲ್ಲದಿದ್ದರೆ

ಮಂಡ್ಯ ಕಡೆಯವರಿಗೆ ಕಾಲ್ ಸೂಪಿನ ಪರಿಚಯ ಮಾಡಿಕೊಡಬೇಕಿಲ್ಲ. ಮರಿಯ ಕಾಲನ್ನು ಗಂಟೆಗಟ್ಟಲೆ ಕುದಿಸಿದಾಗ ಕೊಲಾಜನ್ನಿನ ಮೂರೆಳೆ ಬಿಚ್ಚಿ ನೀರಿಗಿಳಿಯುತ್ತದೆ, ಅದೇ ಜೆಲಾಟಿನ್. ಉಳಿದ ಸೂಪನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿ ಅಲುಗಾಡುತ್ತಿರುತ್ತದಲ್ಲ? ಬಿಚ್ಚಿದ ಎಳೆಗಳು ತಣ್ಣಗಾಗುತ್ತಲೇ ಅಲ್ಲಲ್ಲಿ ಮತ್ತೆ ಹೊಸೆದುಕೊಳ್ಳಲು ನೋಡಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡದ್ದು ಅದು.

ನಮ್ಮ ಮೈಯ ಬಿಸಿಗೂ ಈ ಹುರಿ ಬಿಚ್ಚದಿರೋದು ಹೇಗೆ? ಪ್ರೋಲಿನ್‌ಗಳಿಗೆ ಒಂದೊಂದು ಆಮ್ಲಜನಕ ಸೇರಿ ಹೈಡ್ರಾಕ್ಸಿಪ್ರೋಲಿನ್ ಆಗೋದರಿಂದ. ಆ ಕೆಲಸಕ್ಕೆ ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದೆ ಕಟ್ಟಿದ ಕೊಲಾಜನ್ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈ 37. ಹಳೆಯ ಕಾಲದ ನಾವಿಕರ ವಸಡು ಒಡೆದು, ಮಾಗಿದ ಗಾಯ ಮತ್ತೆ ಬಾಯಿಬಿಡುತ್ತಿದ್ದ ಸ್ಕರ್ವಿ ಕಾಯಿಲೆಯ ಮೂಲ ಇದು. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವ ಮನೆಗೆ ಆ ಭಯವಿಲ್ಲ. ಇನ್ನು ಡಬ್ಬಿಯಲ್ಲಿ ಮಾರುವ ಕೊಲಾಜನ್ ಪುಡಿ: ಮೂರೆಳೆ ಹಗ್ಗವಾಗಿ ಅದು ಯಾರ ಚರ್ಮಕ್ಕೂ ಹೋಗೋದಿಲ್ಲ, ಹೊಟ್ಟೆಯಲ್ಲಿ ಚೂರಾಗಿಯೇ ರಕ್ತಕ್ಕೆ ಸೇರುತ್ತದೆ. ಬೆಲೆ ನೋಡಿ ನೀವೇ ತೀರ್ಮಾನಿಸಿ.

ಭಯಪಡಬೇಕಾದ ಕಾಯಿಲೆ ಬೇರೆ ಇದೆ. ಎತ್ತಿಕೊಂಡರೆ, ಬಟ್ಟೆ ಬದಲಿಸಿದರೆ ಮೂಳೆ ಮುರಿಯುವ ಮಕ್ಕಳು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಅಂತ ಹೆಸರು, 15ರಿಂದ 20 ಸಾವಿರ ಹೆರಿಗೆಗೆ ಒಂದರಂತೆ ಕಾಣುವ ಕಾಯಿಲೆ. ಇಂಥ ಮಕ್ಕಳ ಅಪ್ಪ ಅಮ್ಮ ಎರಡು ಕಡೆಯಿಂದ ಮಾತು ಕೇಳುತ್ತಾರೆ: ಊರಲ್ಲಿ ದೃಷ್ಟಿ, ಗ್ರಹಚಾರ ಅಂತ, ಬೇರೆ ಕಡೆ ಮಗುವನ್ನು ಹೊಡೆದಿರಬೇಕು ಅಂತ. ನಿಜವಾದ ಕಾರಣ ಹಲವರಲ್ಲಿ ಒಂದೇ ಒಂದು ಗ್ಲೈಸಿನ್.

ಮೂಳೆಯ ಕೊಲಾಜನ್‌ನ ಒಂದು ಎಳೆಯ ಸುರುಳಿಭಾಗದಲ್ಲಿ 1,014 ಅಮೈನೋ ಆಮ್ಲಗಳಿವೆ, ಅಂದರೆ 338 ಗ್ಲೈಸಿನ್. ವಂಶವಾಹಿಯಲ್ಲಿ ಒಂದಕ್ಷರ ತಪ್ಪಿ ಅವುಗಳಲ್ಲಿ ಒಂದರ ಜಾಗಕ್ಕೆ ಬೇರೊಂದು ಬಂದರೆ, ಇಕ್ಕಟ್ಟಿನ ನಡುವಿಗೆ ಅದು ಹಿಡಿಸೋದಿಲ್ಲ. 1994ರಲ್ಲಿ ಬಾರ್ಬರಾ ಬ್ರಾಡ್ಸ್ಕಿ, ಹೆಲೆನ್ ಬರ್ಮನ್ ಮತ್ತು ಸಂಗಡಿಗರು ಇದನ್ನು ಪರಮಾಣು ಪರಮಾಣುವಾಗಿ ನೋಡಿದರು. 30 ಅಮೈನೋ ಆಮ್ಲಗಳ ಪುಟ್ಟ ಎಳೆಗಳಲ್ಲಿ ಒಂದೊಂದು ಗ್ಲೈಸಿನ್ ಬದಲು ಅದಕ್ಕಿಂತ ಕೊಂಚವೇ ದೊಡ್ಡದಾದ ಅಲನಿನ್ ಇಟ್ಟಿದ್ದರು. ಅಷ್ಟಕ್ಕೇ ಆ ಜಾಗದಲ್ಲಿ ಹುರಿ ಸಡಿಲವಾಗಿತ್ತು, ಎಳೆಗಳ ನಡುವಿನ ಬಂಧ ಬಿಟ್ಟು ನೀರಿನ ಅಣುಗಳು ಒಳಗೆ ನುಗ್ಗಿದ್ದವು. ಮೈಯೊಳಗೆ ಕೊಲಾಜನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಪ್ ಎಳೆದಂತೆ ಹೊಸೆದುಕೊಳ್ಳುತ್ತಾ ಬರುತ್ತದೆ. ತಪ್ಪು ಸಿಕ್ಕ ಕಡೆ ಜಿಪ್ ತಡೆದು ನಿಲ್ಲುತ್ತದೆ.

ಇಲ್ಲೊಂದು ಲೆಕ್ಕ ಮೊದಲು ಉಲ್ಟಾ ಅನ್ನಿಸುತ್ತದೆ. ಇದೇ ಕಾಯಿಲೆಯ ಸೌಮ್ಯ ರೂಪದ ಹಲವರಲ್ಲಿ, ಅಪ್ಪನಿಂದ ಅಥವಾ ಅಮ್ಮನಿಂದ ಬಂದ ಒಂದು ಪ್ರತಿ ಪೂರಾ ಕೆಟ್ಟು ಎಳೆಯನ್ನೇ ಮಾಡೋದಿಲ್ಲ. ಅವರಲ್ಲಿ ಕೊಲಾಜನ್ ಅರ್ಧಕ್ಕರ್ಧ ಕಮ್ಮಿ, ಆದರೆ ಇರುವುದೆಲ್ಲ ಗಟ್ಟಿ. ಒಂದು ಗ್ಲೈಸಿನ್ ತಪ್ಪಿದ ಎಳೆಯನ್ನು ಮಾಡುವವರ ಸ್ಥಿತಿ ಬಹಳಷ್ಟು ಸಲ ಇನ್ನೂ ಕಷ್ಟದ್ದು. ಮೂಳೆಯ ಕೊಲಾಜನ್‌ನ ಮೂರೆಳೆಯಲ್ಲಿ ಎರಡು ಒಂದೇ ಬಗೆಯವು. ಆ ಬಗೆಯ ಎಳೆಗಳಲ್ಲಿ ಅರ್ಧ ಒಳ್ಳೆಯವು, ಅರ್ಧ ತಪ್ಪಿನವು ಅಂತಿಟ್ಟುಕೊಳ್ಳಿ. ಎರಡೂ ಒಳ್ಳೆಯದೇ ಬಿದ್ದ ಹುರಿ ನಾಲ್ಕರಲ್ಲಿ ಒಂದು ಮಾತ್ರ. ಉಳಿದ ಮುಕ್ಕಾಲು ಪಾಲಿನಲ್ಲಿ ಒಂದಾದರೂ ಕೆಟ್ಟ ಎಳೆ ಸೇರಿಕೊಂಡು ಒಳ್ಳೆಯ ಎಳೆಗಳನ್ನೂ ಹಾಳುಮಾಡುತ್ತದೆ. ಎಳೆ ಇಲ್ಲದಿದ್ದರೆ ಹಗ್ಗ ಕಮ್ಮಿ ಅಷ್ಟೇ, ಕೆಟ್ಟ ಎಳೆ ಇದ್ದರೆ ಹಗ್ಗವೇ ಕೆಟ್ಟದ್ದು.

ಈ ಹುರಿಯನ್ನು ಸರಿಮಾಡುವ ಔಷಧಿ ಇನ್ನೂ ಬಂದಿಲ್ಲ. ಮೂಳೆ ಸವೆಯೋದನ್ನು ತಡೆಯುವ ಬಿಸ್ಫಾಸ್ಫೊನೇಟ್ ಚುಚ್ಚುಮದ್ದು, ಉದ್ದ ಮೂಳೆಗಳೊಳಗೆ ಕೂರಿಸುವ ಲೋಹದ ಸರಳು, ಎಚ್ಚರಿಕೆಯ ಫಿಸಿಯೋಥೆರಪಿ ಇವೆ, ಮತ್ತು ಇವುಗಳಿಂದ ಎಷ್ಟೋ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಸಣ್ಣ ಪೆಟ್ಟಿಗೇ ಪದೇ ಪದೇ ಮೂಳೆ ಮುರಿಯುವ ಮಗು, ಕಣ್ಣಿನ ಬಿಳಿಭಾಗ ನೀಲಿ ಛಾಯೆಯಲ್ಲಿದ್ದರೆ, ಕಟ್ಟು ಹಾಕಿಸಿ ಸುಮ್ಮನಾಗದೆ ಮಕ್ಕಳ ಮೂಳೆ ತಜ್ಞರಿಗೆ ತೋರಿಸಿ. ಮುಂದಿನ ಮಗುವಿನ ಬಗ್ಗೆ ಯೋಚಿಸುವ ಮೊದಲು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ತಳಿ ಸಮಾಲೋಚನೆ ಪಡೆಯಬಹುದು. ಅಲ್ಲಿ ಕೊಡುವ ವರದಿಯಲ್ಲಿ ಗ್ಲೈಸಿನ್ ಅನ್ನೋ ಪದ, ಪಕ್ಕದಲ್ಲೊಂದು ಸಂಖ್ಯೆ ಕಂಡರೆ, ಆ ಸಂಖ್ಯೆ ಹೇಳೋದು ಎಳೆಯ ಯಾವ ಜಾಗದಲ್ಲಿ ತಪ್ಪಾಗಿದೆ ಅಂತ.